ಹೆಪ್ಪು ಹಾಕದ ಟ್ಯಾಂಕು

ಭಾನುವಾರ ಬೆಳಿಗ್ಗೆ ಸೀನನ ಮನೆ ಬೆಲ್ ಒತ್ತಿದೆ. ಅವನ ಮಗ ಬಾಗಿಲು ತೆಗೆದ. "ಅಂಕಲ್, ಒಳಗೆ ಬಂದು ನಗಬೇಡಿ. ಇವತ್ತು ಏಳನೇದು ಹೋಯ್ತು."

ಕಿಟ್ಟಿ ಆಗಲೇ ಹಾಜರು. ಮುಖ ಸಾವಿನ ಮನೆಗೆ ಬಂದವನದು, ಕೈಯಲ್ಲಿ ಮಾತ್ರ ಉಪ್ಪಿಟ್ಟಿನ ತಟ್ಟೆ. ಎದುರಿಗೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕು. ತಳದಲ್ಲಿ ನೀಲಿ ಕಲ್ಲು, ಬಾಯಿ ತೆಗೆದು ಮುಚ್ಚಿ ಗುಳ್ಳೆ ಬಿಡುವ ಪ್ಲಾಸ್ಟಿಕ್ ಪೆಟ್ಟಿಗೆ. ಉಳಿದ ಎರಡು ಗೋಲ್ಡ್‌ಫಿಶ್ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಒಂಬತ್ತು ತಂದಿದ್ದೆ ಕಣೋ. ಎಂಟು ಚಿನ್ನದ ಬಣ್ಣದ್ದು, ಒಂದು ಕಪ್ಪು. ಮನೆಗೆ ಬರೋ ಕಷ್ಟ ಎಲ್ಲ ಮೀನೇ ಹೊತ್ಕೊಂಡು ಹೋಗುತ್ತೆ ಅಂತಾರೆ" ಎಂದ ಸೀನ.

"ಹನ್ನೊಂದು ದಿನಕ್ಕೆ ಏಳು ಕಷ್ಟ! ನೀನು ಬದುಕಿರೋದೇ ಹೆಚ್ಚು" ಎಂದ ಕಿಟ್ಟಿ.

"ಟ್ಯಾಂಕ್ ಯಾವತ್ತು ತಂದೆ, ಮೀನು ಯಾವತ್ತು ತಂದೆ?" ಅಂತ ಕೇಳಿದೆ.

"ಎರಡೂ ಒಂದೇ ಆಟೋದಲ್ಲಿ."

ಅಲ್ಲಿಗೆ ರೋಗ ಗೊತ್ತಾಯಿತು. ನನಗೆ ಹಳೇ ಪರಿಚಯದ ರೋಗವೇ. ಏಳು ವರ್ಷದ ಹಿಂದೆ ನಾನೂ ಹೀಗೇ ಒಂದು ಡಜನ್ ನಿಯಾನ್ ಟೆಟ್ರಾ ಮೀನುಗಳನ್ನು ಒಂದೇ ವಾರದಲ್ಲಿ ಗುಲಾಬಿ ಕುಂಡಕ್ಕೆ ಸಾಗಿಸಿದ್ದೆ. ಆ ವರ್ಷ ಗುಲಾಬಿ ಮಾತ್ರ ಚೆನ್ನಾಗಿ ಬಂತು.

"ನೀರು ನೋಡು, ಗಾಜಿನ ಹಾಗಿದೆ. ಇದರಲ್ಲಿ ಏನು ಕೆಟ್ಟಿದೆ?" ಎಂದ ಸೀನ.

"ಅಮೋನಿಯಾಕ್ಕೆ ಬಣ್ಣ ಇಲ್ಲ ಕಣೋ. ಮೀನಿನ ಕಿವಿರಿಂದಲೇ ಅದು ಹೊರಗೆ ಬರುತ್ತೆ. ಮೀನಿನ ಹೇಲು, ಉಳಿದ ತಿಂಡಿ ಕೊಳೆತರೂ ಅದೇ. ಹೊಳೆಯಲ್ಲಾದರೆ ಹರಿದು ಹೋಗುತ್ತೆ. ಇಲ್ಲಿ ಐವತ್ತು ಲೀಟರ್ ಚಿಲ್ಲರೆ ನೀರಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿನ್ನೋ ಬ್ಯಾಕ್ಟೀರಿಯಾ ಇದೆ. ಒಂದು ಜಾತಿ ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ತಿಂದು ನೈಟ್ರೇಟ್ ಮಾಡುತ್ತೆ. ಅದು ಪರವಾಗಿಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದರೆ ಆಯ್ತು. ಆದರೆ ಈ ಬ್ಯಾಕ್ಟೀರಿಯಾ ಹೊಸ ಟ್ಯಾಂಕಲ್ಲಿ ಇರಲ್ಲ. ಫಿಲ್ಟರಿನ ಸ್ಪಂಜಲ್ಲಿ ಸಂಸಾರ ಹೂಡೋಕೆ ನಾಲ್ಕರಿಂದ ಆರು ವಾರ ಬೇಕು."

ಸೀನ ಬ್ಯಾಂಕಿನಲ್ಲಿ ಸಾಲದ ಷರತ್ತು ಕೇಳುವವನ ಹಾಗೆ ತಲೆ ಆಡಿಸಿದ. ಅಂದರೆ ಒಂದಕ್ಷರವೂ ಒಳಗೆ ಇಳಿದಿಲ್ಲ.

ಅಡುಗೆಮನೆಯಿಂದ ಅವನ ಅಮ್ಮನ ದನಿ ಬಂತು. "ಹಾಲಿಗೆ ಹೆಪ್ಪು ಹಾಕದೆ ಮೊಸರು ಬಡಿಸ್ತೀನಿ ಅಂತ ಕೂತರೆ ಎಲೆ ಮುಂದೆ ಕೂತವರ ಗತಿ ಏನೋ?"

ನಾನು ಎದ್ದು ನಿಂತುಬಿಟ್ಟೆ. ಏಳು ವರ್ಷದಿಂದ ಎಷ್ಟು ಜನಕ್ಕೆ ನೈಟ್ರೈಟು ನೈಟ್ರೇಟು ಅಂತ ಬಾಯಿ ನೋಯಿಸಿಕೊಂಡಿದ್ದೇನೆ. ಇವರು ಒಗ್ಗರಣೆ ಹಾಕುತ್ತಾ ಮುಗಿಸಿಬಿಟ್ಟರು.

"ಹಾಗಾದ್ರೆ ಪಕ್ಕದ ಮನೆಯಿಂದ ಹೆಪ್ಪು ಇಸ್ಕೊಳ್ಳಬಹುದಾ?" ಎಂದ ಕಿಟ್ಟಿ.

"ಇಸ್ಕೊಳ್ಳಬಹುದು. ನನ್ನ ಫಿಲ್ಟರಿನ ಹಳೇ ಸ್ಪಂಜು ಅರ್ಧ ಕತ್ತರಿಸಿ ಕೊಡ್ತೀನಿ. ಒಣಗಬಾರದು, ನನ್ನ ಟ್ಯಾಂಕಿನ ನೀರಲ್ಲೇ ಮುಳುಗಿಸಿ ತರಬೇಕು. ಆದರೂ ಮಾರನೇ ದಿನವೇ ಒಂಬತ್ತು ಮೀನು ಬಿಡೋದಲ್ಲ, ಎರಡು ಮೂರರಿಂದ ಶುರು."

ಆಗ ಸೀನನ ಮಗ ಗುಟ್ಟು ಬಿಚ್ಚಿದ. "ಅಪ್ಪ ದಿನಾ ಫಿಲ್ಟರ್ ಬಿಚ್ಚಿ ಪಾತ್ರೆ ಸೋಪಲ್ಲಿ ತಿಕ್ಕಿ ತೊಳೀತಾರೆ!"

"ಕ್ಲೀನಾಗಿ ಇರಲಿ ಅಂತ..." ಸೀನ ತೊದಲಿದ.

"ಮೊಸರು ಕುಡಿಕೆನ ದಿನಾ ಬೂದಿ ಹಾಕಿ ಬೆಳಗಿದ ಹಾಗೆ" ಎಂದರು ಅಮ್ಮ, ಉಪ್ಪಿಟ್ಟು ತಂದು ಕೊಡುತ್ತಾ.

ಸೋಪಂತೂ ಬೇಡವೇ ಬೇಡ, ನಲ್ಲಿ ನೀರಲ್ಲೂ ತೊಳೆಯಬಾರದು. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ. ಅದು ಬ್ಯಾಕ್ಟೀರಿಯಾ ಕೊಲ್ಲೋಕೇ ಹಾಕೋದು, ನಮ್ಮವರು ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಟ್ಯಾಂಕಿಂದ ತೆಗೆದ ನೀರಲ್ಲೇ, ತಿಂಗಳಿಗೊಮ್ಮೆ, ಸ್ಪಂಜನ್ನು ಸುಮ್ನೆ ನಾಲ್ಕು ಸಲ ಹಿಂಡಿದರೆ ಸಾಕು. ಹೊಸ ನೀರು ಹಾಕುವಾಗ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಬೆರೆಸಬೇಕು. ಅಂಗಡಿಯವರು ಪುಕ್ಕಟೆ ಕೊಡುವ ನೀಲಿ ಔಷಧಿಯನ್ನು ತೀರ್ಥದ ಹಾಗೆ ದಿನಾ ಹಾಕಬಾರದು. ಅದು ನಮ್ಮ ಹೆಪ್ಪಿಗೂ ಆಗಿಬರಲ್ಲ.

"ಸರಿ, ಇನ್ನು ಯಾವ ಮೀನು ತರಲಿ?" ಸೀನ ಈಗ ಶಿಷ್ಯನಾಗಿದ್ದ.

"ಗೋಲ್ಡ್‌ಫಿಶ್ ಬೇಡ. ಅದು ತಣ್ಣೀರಿನ ಮೀನು, ಗೇಣುದ್ದ ಬೆಳೆಯುತ್ತೆ, ತಿಂದಷ್ಟೇ ಹೇಲುತ್ತೆ. ಈ ಎರಡನ್ನೂ ದೊಡ್ಡ ತೊಟ್ಟಿ ಇರೋರಿಗೆ ಕೊಟ್ಟುಬಿಡು. ನಿಮ್ಮ ಬೋರ್‌ವೆಲ್ ಬೆರೆತ ಗಡಸು ನೀರಿಗೆ ಗುಪ್ಪಿ ಸರಿ. ಇಲ್ಲಾಂದ್ರೆ ಜೀಬ್ರಾ ಡೇನಿಯೋ, ನಮ್ಮ ದೇಶದ್ದೇ ಮೀನು."

"ಗುಪ್ಪಿ ಅಂದ್ರೆ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿಗೆ ಬಿಡ್ತಾರಲ್ಲ, ಅದಾ?" ಎಂದ ಕಿಟ್ಟಿ.

"ಅದೇ. ಟ್ರಿನಿಡಾಡಿನಿಂದ ಅದನ್ನು ಲಂಡನ್ನಿಗೆ ಕಳಿಸಿದವನು ರಾಬರ್ಟ್ ಗುಪ್ಪಿ. 1866ರಲ್ಲಿ ಅವನ ಹೆಸರನ್ನೇ ಇಟ್ಟರು. ನೋಡಿದರೆ 1859ರಲ್ಲೇ ಇನ್ನೊಬ್ಬರು ಅದಕ್ಕೆ ಬೇರೆ ಹೆಸರು ಇಟ್ಟಾಗಿತ್ತು. ಪುಸ್ತಕದಲ್ಲಿ ಆ ಹೆಸರು, ಬಾಯಲ್ಲಿ ಗುಪ್ಪಿ."

"ನಮ್ಮ ಸೀನನ ಹಾಗೆ. ಜಾತಕದಲ್ಲಿ ಮಾತ್ರ ಶ್ರೀನಿವಾಸಮೂರ್ತಿ."

"ಆದರೆ ಗಂಡು ಗುಪ್ಪಿ ಮಾತ್ರ ತಗೊ. ಹೆಣ್ಣು ಒಂದು ಸಲ ಗಂಡಿನ ಜೊತೆ ಇದ್ದರೆ ಸಾಕು, ಆಮೇಲೆ ಒಂಟಿಯಾಗಿದ್ದರೂ ತಿಂಗಳಿಗೊಮ್ಮೆ ಮರಿ ಹಾಕ್ತಾ ಹೋಗುತ್ತೆ. ಮೊಟ್ಟೆ ಅಲ್ಲ, ನೇರವಾಗಿ ಈಜೋ ಮರಿ. ಮೀನು ತಂದ ಕವರನ್ನು ಕಾಲು ಗಂಟೆ ಟ್ಯಾಂಕಲ್ಲಿ ತೇಲಿಸಿ, ಟ್ಯಾಂಕಿನ ನೀರು ಸ್ವಲ್ಪ ಸ್ವಲ್ಪ ಬೆರೆಸಿ, ಆಮೇಲೆ ಮೀನು ಮಾತ್ರ ಬಿಡು. ಡಿಸೆಂಬರಲ್ಲಿ ರಾತ್ರಿ ಚಳಿ ಇಳಿಯುತ್ತೆ, 50 ವ್ಯಾಟ್ ಹೀಟರ್ ಇಟ್ಟು 25, 26 ಡಿಗ್ರಿಯಲ್ಲಿ ನಿಲ್ಲಿಸು. ಊಟ ಯಾರು ಹಾಕ್ತೀರಿ?"

"ಬೆಳಿಗ್ಗೆ ನಾನು."

"ಸ್ಕೂಲಿಂದ ಬಂದು ನಾನು" ಎಂದ ಮಗ.

"ಅಷ್ಟೇನಾ?"

ಯಾರೂ ಮಾತಾಡಲಿಲ್ಲ. ಅಮ್ಮ ಸೆರಗು ಸರಿ ಮಾಡಿಕೊಂಡರು. "ಮಧ್ಯಾಹ್ನ ನನ್ನ ಊಟ ಆದಮೇಲೆ... ಬಾಯಿ ಬಾಯಿ ಬಿಡ್ತಿದ್ವು ಪಾಪ. ಎರಡೇ ಎರಡು ತುತ್ತು."

"ಏನು ತುತ್ತು ಅಮ್ಮಾ?"

"ಮೊಸರನ್ನ."

ಕಿಟ್ಟಿಗೆ ಉಪ್ಪಿಟ್ಟು ನೆತ್ತಿಗೇರಿತು. ನಾನು ಕಷ್ಟಪಟ್ಟು ನಗು ತಡೆದು, ಅದು ಹಸಿವಲ್ಲ, ಕಿವಿರು ಸುಟ್ಟು ಉಸಿರಾಡೋಕೆ ಒದ್ದಾಡ್ತಿದ್ದವು ಅಂತ ಹೇಳಿದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು, ವಾರಕ್ಕೊಂದು ದಿನ ಉಪವಾಸ ಇಟ್ಟರೂ ಏನೂ ಆಗಲ್ಲ. "ಹಾಗಾದ್ರೆ ಏಕಾದಶಿ ನಾನೂ ಅವೂ ಒಟ್ಟಿಗೆ" ಎಂದು ಅಮ್ಮ ಒಪ್ಪಿಕೊಂಡರು.

ಅರ್ಧ ಟ್ಯಾಂಕ್ ನೀರು ಬದಲಾಯಿಸಿಯೇ ಎದ್ದೆವು. ಸಂಜೆ ಸ್ಪಂಜು ಕತ್ತರಿಸಿ, ಸ್ಟೀಲ್ ಡಬ್ಬಿಯಲ್ಲಿ ನನ್ನ ಟ್ಯಾಂಕಿನ ಕಂದು ನೀರಲ್ಲಿ ಮುಳುಗಿಸಿ, ಕಿಟ್ಟಿಯ ಕೈಯಲ್ಲಿ ಕಳಿಸಿದೆ. ಸೀನ ಮನೆಯಲ್ಲಿರಲಿಲ್ಲವಂತೆ, ಅಮ್ಮನ ಕೈಗೇ ಕೊಟ್ಟು ಬಂದನಂತೆ.

ರಾತ್ರಿ ಒಂಬತ್ತೂವರೆಗೆ ಸೀನನ ಫೋನ್. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಏನು ಹೇಳಿ ಕೊಟ್ಟನೋ ಆ ಕಿಟ್ಟಿ?"

"ಯಾಕೆ, ಹೆಪ್ಪು ಅಂದಿರಬೇಕು."

"ಹೂಂ. ಅಮ್ಮ ಹಾಲು ಬೆಚ್ಚಗೆ ಮಾಡ್ಕೊಂಡು ಡಬ್ಬಿ ಮುಚ್ಚಳ ತೆಗೀತಿದ್ದಾಳೆ."