ಸಹಾಯ ಬೇಕು: ಸರ್ಕಾರಿ ಕಚೇರಿಯವರ ಫೋಟೋ ತೆಗೆಯಬೇಕು, ಅನುಮತಿ ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಗದಗಿನವನು. ಡಚ್ ಫೋಟೋಗ್ರಾಫರ್ ಯಾನ್ ಬ್ಯಾನಿಂಗ್ ಅವರ ಚಿತ್ರಗಳನ್ನು ನೋಡಿದಾಗಿನಿಂದ ತಲೆಯಲ್ಲಿ ಒಂದೇ ಹುಳ. ಯೆಮೆನ್, ಬೊಲಿವಿಯಾ, ಲೈಬೀರಿಯಾ, ನಮ್ಮ ಬಿಹಾರ ಹೀಗೆ 8 ದೇಶಗಳ ಸರ್ಕಾರಿ ನೌಕರರನ್ನು ಅವರವರ ಟೇಬಲ್ ಹಿಂದೆಯೇ ತೆಗೆದಿದ್ದಾರೆ. ಎಲ್ಲವೂ ಚೌಕ ಚಿತ್ರ. ಅರ್ಜಿ ಹಿಡಿದು ಎದುರು ನಿಂತವನಿಗೆ ಕಾಣುವ ಹಾಗೆ.

ನಮ್ಮ ಕಡೆಯೂ ಮಾಡೋಣ ಅಂತ ಹೋದ ವಾರ ಒಂದು ಕಚೇರಿಗೆ ಹೋದೆ. ಗುಮಾಸ್ತರು ಖುಷಿಯಿಂದ ಒಪ್ಪಿದರು, ತಲೆ ಬಾಚಿಕೊಂಡು ಕೂತರು. ಹಿಂದೆ ಕೆಂಪು ಬಟ್ಟೆಯ ಕಡತದ ಗಂಟುಗಳು ಅರ್ಧ ಕಿಟಕಿ ಮುಚ್ಚಿದ್ದವು. ಗೋಡೆ ಮೇಲೆ ಬಸವಣ್ಣನವರು, ಟೇಬಲ್ ಮೇಲೆ ಚಹಾ ಕಪ್ಪಿನ ಗುರುತು. ಎರಡು ಫೋಟೋ ಆಗಿತ್ತಷ್ಟೇ, ಸಾಹೇಬರು ಬಂದರು. "ಲೆಟರ್ ಎಲ್ಲೈತ್ರೀ?" ಸುಮ್ನೆ ಕ್ಯಾಮೆರಾ ಬ್ಯಾಗಿಗೆ ಹಾಕಿ ಹೊರಬಿದ್ದೆ. ಅವರದೂ ತಪ್ಪಿಲ್ಲ ಬಿಡಿ.

ಗೊತ್ತಿದ್ದವರು ಹೇಳಿ: ಜಿಲ್ಲಾಧಿಕಾರಿಗಳಿಗೆ ಒಂದೇ ಅರ್ಜಿ ಕೊಟ್ಟರೆ ಸಾಕಾ, ಇಲಾಖೆಗೊಂದು ಬೇಕಾ? ಫೋಟೋದಲ್ಲಿರುವವರ ಸಹಿ ಹಾಕಿಸಿಕೊಳ್ಳಲು ಕನ್ನಡದಲ್ಲಿ ಒಪ್ಪಿಗೆ ಪತ್ರದ ನಮೂನೆ ಯಾರ ಹತ್ತಿರ ಇದೆ?

ಇನ್ನೊಂದು. ಟ್ಯೂಬ್‌ಲೈಟ್‌ನಿಂದ ಮುಖ ಹಸಿರು ಹಸಿರು ಬರುತ್ತಿದೆ. ನನ್ನ ಹತ್ತಿರ 50 ಎಂಎಂ ಲೆನ್ಸ್ ಮಾತ್ರ, ಸಣ್ಣ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದರೂ ಟೇಬಲ್ ಪೂರ್ತಿ ಸಿಗುವುದಿಲ್ಲ. ಹೆಚ್ಚು ಅಗಲ ಹಿಡಿಯುವ 28 ಎಂಎಂ ಲೆನ್ಸ್ ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಸಿಗುತ್ತಾ?