ಮನೆ ಕಂದಾಯದ ಜೊತೆ ಕಟ್ಟುವ ಶಿಕ್ಷಣ ಕರ ನಮ್ಮೂರ ಶಾಲೆಗೆ ಬರುತ್ತದೆಯೇ?

ಪ್ರಶ್ನೆ: ಬೆಳೆಗಾರ, ಪೊನ್ನಂಪೇಟೆ ತಾಲ್ಲೂಕು

ಕಳೆದ ವಾರ ಗ್ರಾಮ ಪಂಚಾಯಿತಿಗೆ ಹೋಗಿ ಮನೆ ಕಂದಾಯ ಕಟ್ಟಿ ಬಂದೆ. ರಸೀದಿಯಲ್ಲಿ ಕಟ್ಟಡ ತೆರಿಗೆಯ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರಗಳ ಜೊತೆಗೆ ಶಿಕ್ಷಣ ಕರ ಎಂಬ ಸಾಲೂ ಇದೆ. ಇಷ್ಟು ವರ್ಷ ಒಟ್ಟು ಮೊತ್ತ ನೋಡಿ ಮಡಚಿ ಜೇಬಿಗಿಡುತ್ತಿದ್ದವನು ಈ ಸಲ ಅಲ್ಲೇ ನಿಂತು ಓದಿದೆ. ಕಾರಣ, ಪಂಚಾಯಿತಿ ಕಚೇರಿಯಿಂದ ಕೂಗಳತೆಯ ದೂರದಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಳೆಗಾಲ ಬಂದರೆ ಮಕ್ಕಳು ಬೆಂಚುಗಳನ್ನು ಒಂದು ಮೂಲೆಗೆ ಎಳೆದುಕೊಂಡು ಕೂರುತ್ತಾರೆ, ಉಳಿದ ಕಡೆಯೆಲ್ಲ ಸೋರುತ್ತದೆ. ಮಳೆ ಜೋರಾದಾಗ ತಗಡಿನ ಸದ್ದಿಗೆ ಟೀಚರ್ ಹೇಳುವುದು ಎರಡನೆಯ ಸಾಲಿಗೂ ಕೇಳಿಸುವುದಿಲ್ಲ.

ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ತಂಗಿ ಕಟ್ಟುವ ಆಸ್ತಿ ತೆರಿಗೆಯ ದೊಡ್ಡ ಪಾಲು ಆಕೆಯ ಪ್ರದೇಶದ ಶಾಲೆಗಳಿಗೇ ಹೋಗುತ್ತದೆ. ನಮ್ಮಲ್ಲೂ ಹಾಗೆಯೇ ಊರಿನ ತೆರಿಗೆ ಊರಿನ ಶಾಲೆಗೇ ಸೇರುವಂತಾದರೆ ಈ ಚಾವಣಿ ಸರಿಹೋಗುತ್ತಿತ್ತಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಮಾಜಿ ಪಂಚಾಯಿತಿ ಸದಸ್ಯ, ವಿರಾಜಪೇಟೆ ತಾಲ್ಲೂಕು

ಕಟ್ಟಡ ತೆರಿಗೆ ಪಂಚಾಯಿತಿಯದು, ಆದರೆ ಅದರ ಮೇಲಿನ ಕರಗಳು ಪಂಚಾಯಿತಿಯವಲ್ಲ. ತೆರಿಗೆಯ ಶೇ 6ರಷ್ಟು ಗ್ರಂಥಾಲಯ ಕರ, ಶೇ 15ರಷ್ಟು ಆರೋಗ್ಯ ಕರ, ಶೇ 3ರಷ್ಟು ಭಿಕ್ಷುಕರ ಕರ, ಇವುಗಳ ಹಾಗೆ ಶಿಕ್ಷಣ ಕರವನ್ನೂ ಪಂಚಾಯಿತಿ ವಸೂಲಿ ಮಾಡಿ ಮೇಲಕ್ಕೆ ಜಮಾ ಮಾಡಬೇಕು. ಹೀಗಾಗಿ ನೀವು ಕೊಟ್ಟ ಹಣಕ್ಕೂ ಎದುರಿಗಿರುವ ಶಾಲೆಯ ಚಾವಣಿಗೂ ನೇರ ನಂಟಿಲ್ಲ. ಶಿಕ್ಷಕರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಶಾಲೆಗಳಿಗೆ ಅನುದಾನ ಕೊಡುವ, 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40.

ಇನ್ನೊಂದು ಮಾತನ್ನು ಕೊಡಗಿನವರಾದ ನಾವು ಮರೆಯಬಾರದು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯಿತಿ ಆಸ್ತಿ ತೆರಿಗೆ ಹಾಕಬಹುದಾದದ್ದು ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ ಮಾತ್ರ. ನಮ್ಮ ಆಸ್ತಿಯ ಬೆಲೆಯೆಲ್ಲ ಕಾಫಿ ತೋಟದಲ್ಲಿದೆ, ತೋಟ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಊರಿನ ತೆರಿಗೆ ಊರಿನ ಶಾಲೆಗೇ ಎಂದು ನಾಳೆಯೇ ನಿಯಮ ಬಂದರೂ ಹೋಂಸ್ಟೇ, ರೆಸಾರ್ಟುಗಳಿರುವ ಪಂಚಾಯಿತಿಗೆ ಹಣ ಬಂದೀತು. ತೋಟ ಮತ್ತು ಕಾರ್ಮಿಕರ ಲೈನ್ ಮನೆಗಳಷ್ಟೇ ಇರುವ ಪಂಚಾಯಿತಿಗೆ ಏನು ಉಳಿಯುತ್ತದೆ?

ಉತ್ತರ 2: ನಿವೃತ್ತ ಶಿಕ್ಷಕಿ, ಸೋಮವಾರಪೇಟೆ

ಟೆಕ್ಸಾಸ್‌ನ ಉದಾಹರಣೆ ಕೊಟ್ಟಿದ್ದೀರಿ, ಅದನ್ನು ಪೂರ್ತಿ ನೋಡೋಣ. ಅಲ್ಲಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಡ್ಜ್‌ವುಡ್ ಎಂಬ ಬಡ ಶಾಲಾ ಜಿಲ್ಲೆ 1967–68ರಲ್ಲಿ ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕಿಯೂ ಒಂದು ಮಗುವಿಗೆ ಕೂಡಿಸಲಾದದ್ದು 26 ಡಾಲರ್. ಅದೇ ನಗರದ ಸಿರಿವಂತ ಅಲಾಮೊ ಹೈಟ್ಸ್ ಜಿಲ್ಲೆ 85 ಸೆಂಟ್ ತೆರಿಗೆಯಲ್ಲೇ 333 ಡಾಲರ್ ಕೂಡಿಸಿತು. ಹೆಚ್ಚು ತೆರಿಗೆ ಕೊಟ್ಟವರ ಮಕ್ಕಳಿಗೇ ಕಡಿಮೆ ಸಿಕ್ಕಿತು. ಪೋಷಕರು ನ್ಯಾಯಾಲಯಕ್ಕೆ ಹೋದರು, 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅವರ ವಾದವನ್ನು ಒಪ್ಪಲಿಲ್ಲ. ಆದರೂ ಕೊನೆಗೆ ಸಿರಿವಂತ ಜಿಲ್ಲೆಗಳ ತೆರಿಗೆಯಲ್ಲಿ ಒಂದಂಶವನ್ನು ಬಡ ಜಿಲ್ಲೆಗಳಿಗೆ ಹಂಚುವ ಕಾನೂನನ್ನು ಟೆಕ್ಸಾಸ್ 1993ರಲ್ಲಿ ಮಾಡಿಕೊಳ್ಳಬೇಕಾಯಿತು. ಆದ್ದರಿಂದ ರಾಜ್ಯದ ಖಜಾನೆಯಿಂದ ಸಂಬಳ ಬರುವ ನಮ್ಮ ಪದ್ಧತಿಯನ್ನು ನಾನು ಮನಃಪೂರ್ವಕವಾಗಿ ಸಮರ್ಥಿಸುತ್ತೇನೆ.

ನಮ್ಮ ಸಂಕಟ ಬೇರೆ ಕಡೆ ಇದೆ, ಅದು ತಲೆ ಎಣಿಕೆಯಲ್ಲಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 30ಕ್ಕಿಂತ ಹೆಚ್ಚು ಮಕ್ಕಳಿಲ್ಲದ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000 ರೂಪಾಯಿ ಶಾಲಾ ಅನುದಾನ ನಿಗದಿಯಾಗಿತ್ತು. ಬಯಲುಸೀಮೆಯ ಊರಿಗೆ ಈ ಲೆಕ್ಕ ಹೊಂದಬಹುದು. ಮನೆಗೊಂದು ಗುಡ್ಡದಂತೆ ಚದುರಿರುವ ನಮ್ಮಲ್ಲಿ ಶಾಲೆಗಳು ಚಿಕ್ಕವಾಗಿಯೇ ಇರುತ್ತವೆ, ಮಳೆ ಮಾತ್ರ ಅವಕ್ಕೆ ಕಡಿಮೆ ಸುರಿಯುವುದಿಲ್ಲ. ಹತ್ತು ಸಾವಿರದಲ್ಲಿ ಸೀಮೆಸುಣ್ಣ, ಪೊರಕೆ, ವಿದ್ಯುತ್ ಬಿಲ್ಲು, ಶೌಚಾಲಯದ ಸ್ವಚ್ಛತೆ ಎಲ್ಲ ಮುಗಿದ ಮೇಲೆ ಚಾವಣಿಗೆ ಉಳಿಯುವುದೇನು?

ಅದಕ್ಕಿಂತ ನೋವಿನ ಸಂಗತಿಯೊಂದಿದೆ. ಮಕ್ಕಳ ಲೆಕ್ಕವನ್ನು ಸೆಪ್ಟೆಂಬರ್ 30ಕ್ಕೆ ತೆಗೆದುಕೊಳ್ಳುವ ರೂಢಿಯಿತ್ತು. ಕಾಫಿ ಕೊಯ್ಲಿನ ಕುಟುಂಬಗಳು ಲೈನ್ ಮನೆಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ನನ್ನ ತರಗತಿಗೆ ಜನವರಿಯಲ್ಲಿ ಬಂದು ಕೂತ ಮಕ್ಕಳಿಗೆ ಪುಸ್ತಕವಿರಲಿಲ್ಲ, ಇಬ್ಬರಿಗೊಂದರಂತೆ ಹಂಚಿ ಓದಿಸುತ್ತಿದ್ದೆ. ಅವರಲ್ಲೊಬ್ಬಳು ಕೊಯ್ಲು ಮುಗಿದು ಹೊರಡುವ ದಿನ ನೋಟ್‌ಬುಕ್ಕನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದು, ಇದನ್ನು ಮುಂದಿನ ಶಾಲೆಯಲ್ಲಿ ತೋರಿಸಬಹುದೇ ಎಂದು ಕೇಳಿದ್ದಳು. ಯಾವ ಅನುದಾನದ ಲೆಕ್ಕದಲ್ಲೂ ಅವಳು ಇರಲಿಲ್ಲ.

ಉತ್ತರ 3: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಮಡಿಕೇರಿ ತಾಲ್ಲೂಕು

ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಊರಿನವರಿಗೆ ಏನೂ ಸಾಧ್ಯವಿಲ್ಲ ಎಂಬ ಅರ್ಥ ಬರಬಾರದು. ಶಾಲೆಯ ಕಾಂಪೌಂಡ್, ಶೌಚಾಲಯ, ಅಡುಗೆ ಕೋಣೆಯಂತಹ ಕೆಲಸಗಳನ್ನು ನರೇಗಾದಡಿ ಪಂಚಾಯಿತಿಗಳು ಮಾಡಿಸಿರುವುದುಂಟು. ಅಂಥ ಕೆಲಸಕ್ಕೆ ಗ್ರಾಮ ಸಭೆಯಲ್ಲಿ ಬೇಡಿಕೆ ಇಟ್ಟು ಕ್ರಿಯಾಯೋಜನೆಗೆ ಸೇರಿಸಬೇಕು. ನಮ್ಮೂರಿನ ಗ್ರಾಮ ಸಭೆಯಲ್ಲಿ ರಸ್ತೆ, ಚರಂಡಿ, ಕಾಡಾನೆ ಕಾಟದ ಬಗ್ಗೆ ಒಂದು ತಾಸು ಚರ್ಚೆಯಾಯಿತು, ಶಾಲೆಯ ಹೆಸರೆತ್ತಿದವರು ಇಬ್ಬರೇ. ಅನುಕೂಲವಿದ್ದವರೆಲ್ಲ ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನ್ ಹತ್ತಿಸಿರುವಾಗ ಮಾತನಾಡುವವರು ಯಾರು? ಪ್ರಶ್ನೆ ಕೇಳಿದ ಬೆಳೆಗಾರರ ಮಕ್ಕಳು ಎಲ್ಲಿ ಓದುತ್ತಾರೋ ನನಗೆ ಗೊತ್ತಿಲ್ಲ, ಎಲ್ಲಿ ಓದಿದರೂ ಅವರು ಸಭೆಗೆ ಬರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ನನ್ನ ಮಕ್ಕಳು ಓದಿದ್ದು ಮೈಸೂರಿನ ಖಾಸಗಿ ಶಾಲೆಯಲ್ಲಿ, ನಾನು ಓದಿದ್ದು ಈ ಸೋರುವ ಶಾಲೆಯಲ್ಲೇ. ನನ್ನ ತೋಟದ ಲೈನ್ ಮನೆಗಳಲ್ಲಿ ಈ ಕೊಯ್ಲಿಗೆ ಬಂದ ಮಕ್ಕಳೆಷ್ಟು, ಅವರಲ್ಲಿ ಶಾಲೆಗೆ ಹೋದವರೆಷ್ಟು ಎಂದು ನಿನ್ನೆ ಮೇಸ್ತ್ರಿಯನ್ನು ಕೇಳಿದೆ. ಏಳು ಮಕ್ಕಳಿದ್ದರು, ಶಾಲೆಗೆ ಹೋದದ್ದು ಇಬ್ಬರು. ಮುಂದಿನ ಕೊಯ್ಲಿಗೆ ಜನ ಬಂದ ವಾರವೇ ಹೆಸರುಗಳ ಪಟ್ಟಿ ಮುಖ್ಯ ಶಿಕ್ಷಕರ ಕೈಗೆ ತಲುಪುತ್ತದೆ. ಚಾವಣಿಯ ಅರ್ಜಿಯನ್ನು ಬರುವ ಗ್ರಾಮ ಸಭೆಗೆ ಕೊಡುತ್ತೇನೆ, ಅದರ ನಮೂನೆ ಎಸ್‌ಡಿಎಂಸಿ ಸದಸ್ಯರ ಬಳಿ ಇದ್ದರೆ ಇಲ್ಲಿ ಹಾಕಬೇಕೆಂದು ಕೋರುತ್ತೇನೆ.