ಲೇಸರ್ ಕಣ್ಣಿನ ಶಸ್ತ್ರಚಿಕಿತ್ಸೆ: ಹತ್ತಾರು ವರ್ಷಗಳ ನಂತರ ನಿಮ್ಮ ಕಣ್ಣು ಹೇಗಿದೆ?

ಮುಂಜಾವು ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಎಂಟನೆಯ ವಯಸ್ಸಿನಿಂದ ಕನ್ನಡಕ ಹಾಕುತ್ತಿದ್ದೇನೆ. ಈಗ ಬಲಗಣ್ಣಿಗೆ ಮೈನಸ್ 5.5, ಎಡಗಣ್ಣಿಗೆ ಮೈನಸ್ 6 ಇದ್ದು, ಕಳೆದ ಮೂರು ವರ್ಷಗಳಿಂದ ನಂಬರ್ ಬದಲಾಗಿಲ್ಲ. ಆರು ವರ್ಷ ಕಾಂಟ್ಯಾಕ್ಟ್ ಲೆನ್ಸ್ ಬಳಸಿದೆ; ಆದರೆ ಈಚೆಗೆ ಮಧ್ಯಾಹ್ನದ ಹೊತ್ತಿಗೇ ಕಣ್ಣಿನಲ್ಲಿ ಮರಳು ಬಿದ್ದಂತಾಗಿ ಅದನ್ನು ತೆಗೆದಿಡಬೇಕಾಗುತ್ತಿದೆ. ಹೀಗಾಗಿ ಲೇಸರ್ ಚಿಕಿತ್ಸೆಗೆ ನನ್ನ ಕಣ್ಣು ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡಿಸಿದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ 505 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇದೆ, ಅದರ ಆಕಾರದ ನಕ್ಷೆ ಸಹಜವಾಗಿದೆ, ಲಾಸಿಕ್ (ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ ಕೆಳಗೆ ಲೇಸರ್ ಹಾಕುವುದು) ಅಥವಾ ಪಿಆರ್‌ಕೆ (ಮುಚ್ಚಳ ಕೊಯ್ಯದೆ, ಮೇಲ್ಪೊರೆ ಕೆರೆದು ತೆಗೆದು ಲೇಸರ್ ಹಾಕುವುದು) ಎರಡರಲ್ಲಿ ಯಾವುದನ್ನಾದರೂ ಮಾಡಬಹುದು ಎಂದು ವೈದ್ಯರು ಹೇಳಿದ್ದಾರೆ.

ಮರುದಿನವೇ ಗೋಡೆ ಗಡಿಯಾರ ಸ್ಪಷ್ಟವಾಗಿ ಕಂಡಿತೆಂದು ಸಂತೋಷದಿಂದ ಬರೆದವರ ಅನುಭವಗಳು ಬೇಕಾದಷ್ಟು ಸಿಗುತ್ತವೆ. ನಾನು ಕೇಳುತ್ತಿರುವುದು ಆ ಮೊದಲ ವಾರದ ಬಗ್ಗೆ ಅಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಐದು, ಹತ್ತು, ಇಪ್ಪತ್ತು ವರ್ಷ ಕಳೆದವರ ಕಣ್ಣು ಈಗ ಹೇಗಿದೆ? ನಂಬರ್ ಮರಳಿ ಬಂದಿತೇ? ಕಣ್ಣು ಒಣಗುವುದು ನಿಂತಿತೇ? ಮುಂದೆ ಪೊರೆ ಬಂದಾಗ ತೊಂದರೆಯಾಗುತ್ತದೆಯೇ? ಕಹಿ ಅನುಭವವಿದ್ದರೂ ದಯವಿಟ್ಟು ಬರೆಯಿರಿ.

ಹಳೆಯ ಓದುಗ ಅವರ ಉತ್ತರ:

ನಾನು 2003ರಲ್ಲಿ, 27ನೆಯ ವಯಸ್ಸಿನಲ್ಲಿ ಲಾಸಿಕ್ ಮಾಡಿಸಿಕೊಂಡೆ. ಎರಡೂ ಕಣ್ಣಿಗೆ ಮೈನಸ್ 6.5 ಇತ್ತು. ಆಗ ಕಾರ್ನಿಯಾದ ಮೇಲ್ಪದರವನ್ನು ಲೇಸರಿನಿಂದಲ್ಲ, ಸಣ್ಣ ಬ್ಲೇಡಿನಿಂದ ಕೊಯ್ದು ಮುಚ್ಚಳದಂತೆ ಎತ್ತುತ್ತಿದ್ದರು. ಕಣ್ಣನ್ನು ಹಿಡಿದಿಡುವ ಉಂಗುರ ಒತ್ತಿದಾಗ ಕೆಲವು ಕ್ಷಣ ಪೂರ್ತಿ ಕತ್ತಲಾಯಿತು. ನಂತರ ಕೂದಲು ಸುಟ್ಟಂಥ ವಾಸನೆ ಬಂದು ಗಾಬರಿಯಾದೆ. ಆ ಎಕ್ಸೈಮರ್ ಲೇಸರ್ ಸುಡುವುದಿಲ್ಲ, 193 ನ್ಯಾನೊಮೀಟರ್‌ನ ಅತಿನೇರಳೆ ಕಿರಣ ಅಂಗಾಂಶದ ಅಣುಬಂಧಗಳನ್ನೇ ಮುರಿದು ಸುತ್ತಲಿನ ಭಾಗಕ್ಕೆ ಬಿಸಿ ತಾಗದಂತೆ ಪದರವನ್ನು ತೆಗೆಯುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಈ ಗುಣವನ್ನು 1981ರಲ್ಲಿ ಐಬಿಎಂನ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಹನ್ನೊಂದು ವರ್ಷ ಕನ್ನಡಕವೇ ಬೇಕಾಗಲಿಲ್ಲ. 2014ರ ಸುಮಾರಿಗೆ ರಾತ್ರಿ ವಾಹನ ಓಡಿಸುವಾಗ ದೂರದ ಫಲಕಗಳ ಅಕ್ಷರ ಮಸುಕಾಗತೊಡಗಿತು. ಬಲಗಣ್ಣಿಗೆ ಮೈನಸ್ 0.75, ಎಡಗಣ್ಣಿಗೆ ಮೈನಸ್ 0.5 ಬಂದಿತ್ತು. ಬೇಕಿದ್ದರೆ ಮತ್ತೊಮ್ಮೆ ಲೇಸರ್ ಮಾಡಬಹುದೆಂದರು. ಇಷ್ಟು ಸಣ್ಣ ನಂಬರಿಗಾಗಿ ಉಳಿದಿರುವ ಕಾರ್ನಿಯಾವನ್ನು ಇನ್ನಷ್ಟು ತೆಳುವಾಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ರಾತ್ರಿಯ ಪ್ರಯಾಣಕ್ಕೆ ಮಾತ್ರ ಒಂದು ತೆಳುವಾದ ಕನ್ನಡಕ ಇಟ್ಟುಕೊಂಡಿದ್ದೇನೆ.

43ಕ್ಕೆ ಚಾಳೀಸು ಬಂತು. ಇದನ್ನು ತಡೆಯುವ ಶಕ್ತಿ ಲೇಸರಿಗಿಲ್ಲ, ಏಕೆಂದರೆ ಗಟ್ಟಿಯಾಗುವುದು ಕಣ್ಣಿನೊಳಗಿನ ಮಸೂರ. ಲೇಸರ್ ತಿದ್ದುವುದು ಹೊರಗಿನ ಕಾರ್ನಿಯಾವನ್ನು. ಇಲ್ಲಿ ನಾನು ಕಳೆದುಕೊಂಡದ್ದು ಒಂದಿದೆ, ಅದನ್ನು ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಮೈನಸ್ ನಂಬರ್ ಇದ್ದ ಕಾಲದಲ್ಲಿ ಕನ್ನಡಕ ತೆಗೆದು ಹತ್ತಿರ ಹಿಡಿದರೆ ಕೂದಲೆಳೆಯೂ ಭೂತಗನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಕಳೆದ ವರ್ಷ ಮಗಳ ಬೆರಳಿಗೆ ಮರದ ಸಿಬಿರು ಹೊಕ್ಕಾಗ, ಅವಳು ಅಳುತ್ತ ಬೆರಳು ಚಾಚಿಕೊಂಡು ನಿಂತಿದ್ದಳು, ನಾನು ಕೈಯಲ್ಲಿ ಸೂಜಿ ಹಿಡಿದು ಚಾಳೀಸು ಹುಡುಕುತ್ತಿದ್ದೆ. ನಿಮ್ಮ ವಯಸ್ಸಿನಲ್ಲಿ ಇದು ದೂರದ ಮಾತೆನಿಸಬಹುದು. ಹದಿನೈದು ವರ್ಷ ಬೇಗ ಕಳೆಯುತ್ತದೆ.

ಇನ್ನೊಂದು ಮುಖ್ಯವಾದ ವಿಷಯ. ಮೈನಸ್ ನಂಬರ್ ಹೆಚ್ಚಿರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಅದರಿಂದ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ ಹಿಗ್ಗಿ ತೆಳುವಾಗಿರುತ್ತದೆ. ಕನ್ನಡಕ ಹೋಯಿತೆಂದು ಆ ಉದ್ದ ಕಡಿಮೆಯಾಗುವುದಿಲ್ಲ. ನನ್ನ ಕಣ್ಣು ಈಗ ಚೆನ್ನಾಗಿದೆ ಎಂಬ ಧೈರ್ಯದಲ್ಲಿ ಹಲವು ವರ್ಷ ತಪಾಸಣೆಗೇ ಹೋಗಿರಲಿಲ್ಲ. 2018ರಲ್ಲಿ ಪಾಪೆ ಹಿಗ್ಗಿಸಿ ನೋಡಿದಾಗ ಎಡಗಣ್ಣಿನ ರೆಟಿನಾದ ಅಂಚಿನಲ್ಲಿ ಸಣ್ಣ ರಂಧ್ರ ಕಂಡಿತು. ಅದರ ಸುತ್ತ ಲೇಸರ್ ಹಾಕಿ ಭದ್ರಪಡಿಸಿದರು. ಒಮ್ಮೆಗೇ ಕಪ್ಪು ಚುಕ್ಕೆಗಳು ಹೆಚ್ಚಾದರೆ, ಮಿಂಚು ಹೊಡೆದಂತಾದರೆ ಅಥವಾ ಪರದೆ ಇಳಿದಂತೆ ಕಂಡರೆ, ಲಾಸಿಕ್ ಆಗಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಒಟ್ಟಿನಲ್ಲಿ ಮಾಡಿಸಿಕೊಂಡದ್ದಕ್ಕೆ ನನಗೆ ಸಂತೋಷವೇ ಇದೆ.

ಸಂಜೆಮಲ್ಲಿಗೆ ಅವರ ಉತ್ತರ:

ನನ್ನ ಅನುಭವ ಬೇರೆ. ಆರು ವರ್ಷಗಳ ಹಿಂದೆ ಲಾಸಿಕ್ ಆಯಿತು. ದೃಷ್ಟಿ ಫಲಕದ ಕೊನೆಯ ಸಾಲನ್ನೂ ಓದುತ್ತೇನೆ, ಆದ್ದರಿಂದ ದಾಖಲೆಯ ಪ್ರಕಾರ ನನ್ನದು ಯಶಸ್ವಿ ಶಸ್ತ್ರಚಿಕಿತ್ಸೆ. ಆದರೆ ಬೆಳಿಗ್ಗೆ ಎಚ್ಚರವಾದೊಡನೆ ನಾನು ಕಣ್ಣು ಬಿಡುವುದಿಲ್ಲ. ರೆಪ್ಪೆ ಕಾರ್ನಿಯಾಕ್ಕೆ ಅಂಟಿಕೊಂಡಿರುತ್ತದೆ. ಒಮ್ಮೆಗೇ ತೆರೆದರೆ ಮೇಲ್ಪೊರೆ ಕಿತ್ತಂತೆ ಉರಿಯುತ್ತದೆ. ದಿಂಬಿನ ಬದಿಯಲ್ಲಿಟ್ಟ ಹನಿ ಔಷಧಿಯನ್ನು ಮುಚ್ಚಿದ ಕಣ್ಣಿನ ಮೂಲೆಗೆ ಬಿಟ್ಟು, ಅದು ಒಳಗೆ ಇಳಿಯುವವರೆಗೆ ಕಾದು, ನಂತರ ನಿಧಾನವಾಗಿ ರೆಪ್ಪೆ ಬಿಡಿಸಿಕೊಳ್ಳುತ್ತೇನೆ.

ಮುಚ್ಚಳ ಕೊಯ್ಯುವಾಗ ಕಾರ್ನಿಯಾದ ನರಗಳೂ ಕತ್ತರಿಸಲ್ಪಡುತ್ತವೆ. ಕಣ್ಣು ಒಣಗಿದೆ ಎಂಬ ಸುದ್ದಿಯನ್ನು ಕಣ್ಣೀರಿನ ಗ್ರಂಥಿಗೆ ತಲುಪಿಸುವವು ಆ ನರಗಳೇ. ಬಹಳ ಮಂದಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೊಂದರೆ ಇಳಿಯುತ್ತದೆ, ನನಗೆ ಇಳಿಯಲಿಲ್ಲ. ಕಣ್ಣೀರು ಹರಿದುಹೋಗುವ ರಂಧ್ರಗಳಿಗೆ ಸಣ್ಣ ಬಿರಡೆ ಹಾಕಿಸಿಕೊಂಡ ಮೇಲೆ ಸ್ವಲ್ಪ ಹಾಯೆನಿಸಿದೆ. ರಾತ್ರಿ ದೀಪಗಳ ಸುತ್ತ ಪ್ರಭೆಯೂ ಉಳಿದಿದೆ.

ಮುಂಜಾವು ಅವರೇ, ನೀವು ಬರೆದ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ಮಧ್ಯಾಹ್ನಕ್ಕೇ ಮರಳು ಬಿದ್ದಂತಾಗಿ ಲೆನ್ಸ್ ತೆಗೆಯಬೇಕಾಗುತ್ತದೆ ಎಂದಿದ್ದೀರಿ. ನಾನೂ ಅದೇ ಕಾರಣಕ್ಕೆ ಲೇಸರಿಗೆ ಹೋದವಳು. ನನ್ನ ಕಣ್ಣು ಮೊದಲೇ ಒಣಗಿತ್ತೆಂಬುದನ್ನು ಅಲ್ಲಿ ಯಾರೂ ಪರೀಕ್ಷಿಸಲಿಲ್ಲ; ಕಾರ್ನಿಯಾದ ದಪ್ಪ ಅಳೆದು, ಅರ್ಧ ಗಂಟೆಯಲ್ಲಿ ದಿನಾಂಕ ಕೊಟ್ಟರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಪಾಲ್ಗೊಂಡು ನಡೆಸಿದ, 2017ರಲ್ಲಿ ಪ್ರಕಟವಾದ ಪ್ರೌಲ್ ಅಧ್ಯಯನದಲ್ಲಿ, ಮೊದಲು ಪ್ರಭೆ, ಕುಕ್ಕುವಿಕೆಗಳಂಥ ಯಾವ ಲಕ್ಷಣವೂ ಇಲ್ಲದಿದ್ದವರಲ್ಲಿ ಶೇ. 40ಕ್ಕಿಂತ ಹೆಚ್ಚು ಮಂದಿ ಮೂರು ತಿಂಗಳಾದಾಗ ಒಂದಾದರೂ ಹೊಸ ಲಕ್ಷಣವನ್ನು ಹೇಳಿಕೊಂಡಿದ್ದರು. ದಿನಚರಿಗೇ ಬಹಳ ಅಡ್ಡಿಯಾಯಿತು ಎಂದವರು ಶೇ. 1ಕ್ಕಿಂತ ಕಡಿಮೆ ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಆ ಸಣ್ಣ ಸಂಖ್ಯೆಯೊಳಗೆ ಬದುಕುವುದು ಹೇಗಿರುತ್ತದೆ ಎಂಬುದನ್ನು ಮಾತ್ರ ಹೇಳಬೇಕೆನಿಸಿತು.

ತಾಳೆಗರಿ ಅವರ ಉತ್ತರ:

ನಾನು ಶಸ್ತ್ರವೈದ್ಯನಲ್ಲ, ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವನು. ಸಂಜೆಮಲ್ಲಿಗೆ ಅವರು ಹೇಳಿದ್ದನ್ನು ಮೊದಲು ಪಾಲಿಸಿ: ಕಣ್ಣೀರಿನ ಪರೀಕ್ಷೆ ಆಗದೆ ದಿನಾಂಕ ಒಪ್ಪಿಕೊಳ್ಳಬೇಡಿ.

ಇನ್ನು ನಿಮ್ಮ 505 ಮೈಕ್ರಾನ್. ಇದು ಸರಾಸರಿಗಿಂತ ಸ್ವಲ್ಪ ತೆಳು. ಸಾಮಾನ್ಯವಾಗಿ 540ರ ಆಸುಪಾಸಿನಲ್ಲಿರುತ್ತದೆ. 6 ಮಿಲಿಮೀಟರ್ ಅಗಲದ ವಲಯದಲ್ಲಿ ಒಂದು ಡಯಾಪ್ಟರ್ (ಕನ್ನಡಕದ ಒಂದು ನಂಬರ್) ತಿದ್ದಲು ಸುಮಾರು 12ರಿಂದ 15 ಮೈಕ್ರಾನ್ ತೆಗೆಯಬೇಕಾಗುತ್ತದೆ. ನಿಮ್ಮ ಎಡಗಣ್ಣಿಗೆ ಹೆಚ್ಚೆಂದರೆ 90 ಎಂದಿಟ್ಟುಕೊಳ್ಳಿ. ಲಾಸಿಕ್‌ನಲ್ಲಿ ಮುಚ್ಚಳಕ್ಕೆ 110 ಹೋದರೆ, ಅದನ್ನು ಮರಳಿ ಹಾಸಿದರೂ ಅದು ಭಾರ ಹೊರುವ ಪದರವಾಗಿ ಮತ್ತೆ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಕೆಳಗೆ ಗಟ್ಟಿಯಾಗಿ ಉಳಿಯುವುದು 305. ಕನಿಷ್ಠ 250 ಇರಬೇಕೆಂಬುದು ಹಳೆಯ ನಿಯಮ. ಈಗ ಅನೇಕರು 300 ಬಯಸುತ್ತಾರೆ. ಆದರೆ ಒಟ್ಟು ದಪ್ಪದಲ್ಲಿ 200 ಮೈಕ್ರಾನ್ ಬಾಧಿತವಾದರೆ ಅದು ಹತ್ತಿರ ಹತ್ತಿರ ಶೇ. 40. ಅಲ್ಲಿಂದ ಮೇಲೆ ಕಾರ್ನಿಯಾ ನಿಧಾನವಾಗಿ ಉಬ್ಬುವ ಎಕ್ಟೇಸಿಯಾದ ಅಪಾಯ ಏರುತ್ತದೆ. ಅದು ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ನೀವು ಗೆರೆ ದಾಟಿಲ್ಲ, ಗೆರೆಯ ಮೇಲಿದ್ದೀರಿ. ಪಿಆರ್‌ಕೆಯಲ್ಲಿ ಮುಚ್ಚಳವಿಲ್ಲ, ಕೆರೆದು ತೆಗೆದ 50 ಮೈಕ್ರಾನಿನ ಮೇಲ್ಪೊರೆ ತಾನಾಗಿ ಬೆಳೆಯುತ್ತದೆ, ಕೆಳಗೆ 365 ಉಳಿಯುತ್ತದೆ. ವರ್ಷಗಳ ನಂತರ ಪೆಟ್ಟು ಬಿದ್ದು ಮುಚ್ಚಳ ಜರುಗುವ ಪ್ರಶ್ನೆಯೂ ಇರುವುದಿಲ್ಲ. ಇದೇ ಕಣ್ಣು ನನ್ನ ತಂಗಿಯದಾಗಿದ್ದರೆ ನಾನು ಪಿಆರ್‌ಕೆಯನ್ನೇ ಹೇಳುತ್ತಿದ್ದೆ.

ಪೊರೆಯ ಬಗ್ಗೆ: ಶಸ್ತ್ರಚಿಕಿತ್ಸೆ ಖಂಡಿತ ಮಾಡಬಹುದು, ಆದರೆ ಒಳಗೆ ಇಡುವ ಕೃತಕ ಮಸೂರದ ಲೆಕ್ಕ ಕಠಿಣವಾಗುತ್ತದೆ. ಕಾರ್ನಿಯಾದ ಸಹಜ ಬಾಗು ಬದಲಾಗಿರುವುದರಿಂದ ಹಳೆಯ ಸೂತ್ರಗಳು ತಪ್ಪಿ ರೋಗಿಗೆ ಪ್ಲಸ್ ನಂಬರ್ ಉಳಿಯುತ್ತಿತ್ತು. ಈಗ ಇದಕ್ಕೆಂದೇ ರೂಪಿಸಿದ ಸೂತ್ರಗಳಿವೆ. ಹಳೆಯ ಅಳತೆಗಳು ಸಿಕ್ಕರೆ ಇನ್ನೂ ಒಳ್ಳೆಯದು. ಲಾಸಿಕ್ ಆಗಿ ಬಹುಕಾಲ ಕಳೆದ ಹಿರಿಯರೊಬ್ಬರು ಪೊರೆಗೆಂದು ಬಂದಾಗ ಅವರ ಬಳಿ ಒಂದು ಕಾಗದವೂ ಇರಲಿಲ್ಲ. ಮನೆಯ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಹಳೆಯ ಕನ್ನಡಕವನ್ನು ತಂದುಕೊಟ್ಟರು. ಒಂದು ಕಡ್ಡಿ ಮುರಿದಿತ್ತು, ಗಾಜು ಹಳದಿಗಟ್ಟಿತ್ತು. ಅದನ್ನೇ ಯಂತ್ರದಲ್ಲಿಟ್ಟು ಹಿಂದಿನ ನಂಬರ್ ಓದಿಕೊಂಡೆವು. ನೀವು ನಿಮ್ಮ ಎಲ್ಲ ವರದಿಗಳ ಪ್ರತಿ ಕೇಳಿ ಪಡೆದು ಜೋಪಾನವಾಗಿಡಿ. ಮುಂದೆ ಕಣ್ಣಿನ ಒತ್ತಡ ಅಳೆಸುವಾಗಲೂ ಲೇಸರ್ ಆಗಿದೆ ಎಂದು ಹೇಳಲೇಬೇಕು, ಏಕೆಂದರೆ ತೆಳುವಾದ ಕಾರ್ನಿಯಾದ ಮೇಲೆ ಅಳೆದ ಒತ್ತಡ ನಿಜಕ್ಕಿಂತ ಕಡಿಮೆ ತೋರಿಸಿ, ದೃಷ್ಟಿ ನರವನ್ನು ಹಾಳುಮಾಡುವ ಗ್ಲಾಕೋಮಾ ರೋಗ ಕಣ್ತಪ್ಪಬಹುದು.

ಮುಂಜಾವು ಅವರ ಮರುಬರಹ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕಣ್ಣೀರಿನ ಪರೀಕ್ಷೆಗೆ ಸಮಯ ತೆಗೆದುಕೊಂಡಿದ್ದೇನೆ. ಅದರ ಫಲಿತಾಂಶ ಬರುವವರೆಗೆ ಏನನ್ನೂ ನಿರ್ಧರಿಸುವುದಿಲ್ಲ. ಪಿಆರ್‌ಕೆ ನೋವು ಎಷ್ಟಿರುತ್ತದೆ ಎಂಬುದನ್ನು ಅನುಭವಿಸಿದವರು ಹೇಳಬಹುದೇ?

ಹೊಂಗೆನೆರಳು ಅವರ ಉತ್ತರ:

ನನಗೆ ಪಿಆರ್‌ಕೆ ಆಗಿ ಏಳು ವರ್ಷವಾಯಿತು, ನಂಬರ್ ಮರಳಿಲ್ಲ. ನೋವು ಇದ್ದೇ ಇರುತ್ತದೆ. ಎರಡನೆಯ ಮತ್ತು ಮೂರನೆಯ ದಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದರೂ ಬಾಗಿಲ ಸಂದಿನ ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು. ಐದನೆಯ ದಿನ ರಕ್ಷಣೆಗೆ ಹಾಕಿದ್ದ ಲೆನ್ಸ್ ತೆಗೆದರು. ಅಕ್ಷರಗಳು ಪೂರ್ತಿ ನಿಚ್ಚಳವಾಗಲು ಆರು ವಾರ ಹಿಡಿಯಿತು. ಕೆಲಸಕ್ಕೆ ಕನಿಷ್ಠ ಒಂದು ವಾರ ರಜೆ ಹಾಕಿ. ಆ ಮೊದಲ ರಾತ್ರಿಗಳಲ್ಲಿ ಮನೆಯವರೊಬ್ಬರು ಪಕ್ಕದಲ್ಲಿರಲಿ, ಏಕೆಂದರೆ ಹನಿ ಹಾಕಿಕೊಳ್ಳಲು ಬೇಕಾದಷ್ಟು ಹೊತ್ತು ಸಹ ನೀವಾಗಿ ಕಣ್ಣು ತೆರೆದಿಡಲು ಆಗುವುದಿಲ್ಲ.